ಗೊತ್ತಿಲ್ಲದ ನಾಡಿನ ಮಿನಿ ಬಸ್ಸು

ಪ್ರಿಯ ಸಹೋದರಿ, ನಿಮ್ಮ ಮನೆಯವರು ಗಲ್ಫ್‌ನಲ್ಲಿ ದುಡಿಯುತ್ತಿದ್ದಾರೆಯೇ? ಹಾಗಾದರೆ ಒಂದಲ್ಲ ಒಂದು ದಿನ ನೀವೂ ಅಲ್ಲಿಗೆ ಹೋಗಬೇಕಾಗಬಹುದು. ಹೋಗುವಾಗ ಮಸಾಲೆ ಪುಡಿ, ಉಪ್ಪಿನಕಾಯಿ ಎಲ್ಲವನ್ನೂ ಕಟ್ಟಿಕೊಳ್ಳುತ್ತೇವೆ. ಆದರೆ ಅಲ್ಲಿ ಒಬ್ಬರೇ ಬಸ್ಸು ಹತ್ತುವ ಧೈರ್ಯವನ್ನು ಕಟ್ಟಿಕೊಳ್ಳುವವರು ಕಡಿಮೆ. ಆದ್ದರಿಂದಲೇ ಫ್ಲ್ಯಾಟಿನ ನಾಲ್ಕು ಗೋಡೆಗಳ ನಡುವೆ ಕುಳಿತು, ಒಂದು ಮಾತ್ರೆ ತರಲೂ ಗಂಡನ ರಜೆಯನ್ನೇ ಕಾಯುವ ಸಹೋದರಿಯರಿದ್ದಾರೆ.

ನೆಮ್ಮಾರಿನ ನಮಗೆ ಬಸ್ಸು ಹೊಸತಲ್ಲ. ರಸ್ತೆ ಬದಿಯಲ್ಲಿ ನಿಂತು ಕೈ ತೋರಿಸಿದರೆ ಶೃಂಗೇರಿಯ ಬಸ್ಸು ನಿಲ್ಲುತ್ತದೆ. ಡ್ರೈವರ್‌ಗೆ ನಮ್ಮ ಮನೆ ಗೊತ್ತು, ಕಂಡಕ್ಟರ್‌ಗೆ ನಮ್ಮ ಮಕ್ಕಳ ಹೆಸರೂ ಗೊತ್ತು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಮಿನಿ ಬಸ್ಸಿನಲ್ಲಿ ಒತ್ತಿಕೊಂಡು ಉಡುಪಿಗೆ ಇಳಿದವರು ನಾವು. ಆದರೂ 2014ರಲ್ಲಿ ತಂಗಿಯ ಮನೆಗೆಂದು ಮಸ್ಕತ್‌ಗೆ ಹೋದಾಗ, ರೂವಿಯ ರಸ್ತೆಯಲ್ಲಿ ನಿಂತ ನನ್ನ ಎದೆ ಡವಗುಟ್ಟುತ್ತಿತ್ತು.

ಮೊದಲನೆಯದಾಗಿ, ಒಮಾನ್‌ನಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ಬಸ್ಸಿನ ಬಾಗಿಲೂ ಬಲಕ್ಕೇ. ಎಂದರೆ ನಾವು ಊರಿನಲ್ಲಿ ನಿಲ್ಲುವ ಬದಿಗೆ ವಿರುದ್ಧ ಬದಿಯಲ್ಲಿ ನಿಲ್ಲಬೇಕು. ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಬೇಕು. ಇದನ್ನು ಮಕ್ಕಳಿಗೂ ಕಲಿಸಿರಿ.

ಕಿತ್ತಳೆ ಮತ್ತು ಬಿಳಿ ಬಣ್ಣದ ಆ ಪುಟ್ಟ ವಾಹನಕ್ಕೆ ಅಲ್ಲಿನವರು 'ಬೈಸ ಬಸ್' ಎನ್ನುತ್ತಿದ್ದರು. ಬೋರ್ಡಿಲ್ಲ, ಟಿಕೆಟ್ಟಿಲ್ಲ, ಕಂಡಕ್ಟರ್ ಇಲ್ಲ. ಹೋಗಬೇಕಾದ ಜಾಗದ ಹೆಸರು ಹೇಳಬೇಕು. ಡ್ರೈವರ್ ತಲೆಯಾಡಿಸಿದರೆ ಹತ್ತಬೇಕು. ಬೈಸ ಎಂದರೆ ನಮ್ಮ ಪೈಸೆಯೇ! 1000 ಬೈಸ ಸೇರಿದರೆ ಒಂದು ರಿಯಾಲ್. 1970ರವರೆಗೂ ಒಮಾನ್‌ನಲ್ಲಿ ರೂಪಾಯಿಯೇ ಚಲಾವಣೆಯಲ್ಲಿತ್ತು. 1959ರಲ್ಲಿ ಭಾರತದ ರಿಸರ್ವ್ ಬ್ಯಾಂಕ್ ಗಲ್ಫ್‌ಗಾಗಿಯೇ ಪ್ರತ್ಯೇಕ ರೂಪಾಯಿ ನೋಟು ಅಚ್ಚು ಹಾಕಿಸಿತ್ತು. ಅಂದರೆ ನಾವು ಪರದೇಶ ಎಂದು ಹೆದರುವ ಆ ನಾಡು ನಮಗೆ ಅಷ್ಟೇನೂ ಪರಕೀಯವಲ್ಲ.

ನನ್ನ ಮನಸ್ಸಿನಲ್ಲಿ ಅಚ್ಚಳಿಯದೆ ಉಳಿದದ್ದು ಬೇರೊಂದು ನೋಟ. ನಾನು ಬಾಗಿಲ ಬಳಿ ಹೋಗುತ್ತಲೇ ಮುಂದಿನ ಸೀಟಿನ ಇಬ್ಬರು ಗಂಡಸರು ಮಾತಿಲ್ಲದೆ ಎದ್ದು ಹಿಂದಕ್ಕೆ ಸರಿದರು. ಪರಸ್ತ್ರೀಯ ಪಕ್ಕದಲ್ಲಿ ಗಂಡಸರು ಕೂರದಂತೆ ಜಾಗ ಬದಲಿಸಿಕೊಳ್ಳುವುದು ಅಲ್ಲಿನ ರೂಢಿ. ಯಾರೂ ಹೇಳಬೇಕಾಗಿಲ್ಲ, ಗದರಬೇಕಾಗಿಲ್ಲ. ಸಭೆಯಲ್ಲಿ ಇತರರಿಗೆ ಸ್ಥಳಾವಕಾಶ ಮಾಡಿಕೊಡಬೇಕೆಂದು ಕುರ್‌ಆನಿನ ಅಲ್ ಮುಜಾದಲ ಅಧ್ಯಾಯ ಕಲಿಸುತ್ತದೆ. ಮದ್ರಸದಲ್ಲಿ ನಾನು ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟ ಪಾಠವದು. ಬಸ್ಸಿನ ಸೀಟಿನಲ್ಲಿ ಅದನ್ನು ಕಣ್ಣಾರೆ ಕಂಡೆ.

ಭಾಷೆಯ ಚಿಂತೆಯೇ? ಕಿತಾಬಿನ 'ಹುನಾ' ಬೀದಿಯಲ್ಲಿ 'ಹಿನಾ' ಆಗುತ್ತದೆ, 'ಇಲ್ಲಿ' ಎಂದರ್ಥ. 'ಕಮ್' ಎಂದರೆ ಎಷ್ಟು. 'ಬಸ್' ಎಂದರೆ ಸಾಕು! ಇಷ್ಟು ಗೊತ್ತಿದ್ದರೆ ಇಳಿಯುವ ಜಾಗದಲ್ಲಿ ಇಳಿಯಬಹುದು. ಮಸ್ಕತ್‌ನ ಅನೇಕರಿಗೆ ಹಿಂದಿ, ಉರ್ದು ಅರ್ಥವಾಗುತ್ತದೆ. ಮನೆಯ ಹತ್ತಿರದ ಮಸೀದಿಯ ಅಥವಾ ದೊಡ್ಡ ಅಂಗಡಿಯ ಹೆಸರು ನೆನಪಿಟ್ಟುಕೊಳ್ಳಿ. ಚಿಲ್ಲರೆ ಕೈಯಲ್ಲಿರಲಿ. ಮೊದಲೆರಡು ಸಲ ಗೊತ್ತಿರುವವರ ಜೊತೆ ಹೋಗಿ ದಾರಿ ನೋಡಿಕೊಳ್ಳಿ. 2015ರಿಂದ ಅಲ್ಲಿ 'ಮುವಾಸಲಾತ್' ಎಂಬ ಸರಕಾರಿ ಸಂಸ್ಥೆಯ ದೊಡ್ಡ ಕೆಂಪು ಬಸ್ಸುಗಳೂ ಓಡತೊಡಗಿವೆ. ಅವುಗಳಿಗೆ ಮಾರ್ಗದ ನಂಬರ್ ಇರುವುದರಿಂದ ಹೊಸಬರಿಗೆ ಇನ್ನೂ ಸುಲಭ.

ಬಸ್ಸಿನ ಬೆಲೆ ನಮ್ಮ ಮಲೆನಾಡಿನ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ 'ಸಹಕಾರ ಸಾರಿಗೆ' 2020ರಲ್ಲಿ ನಿಂತುಹೋದಾಗ, ಮನೆಯಲ್ಲಿ ವಾಹನವಿಲ್ಲದವರಿಗೆ ಆಸ್ಪತ್ರೆ, ಕಾಲೇಜು, ಸಂತೆ ಎಲ್ಲವೂ ಒಮ್ಮೆಲೇ ದೂರವಾದವು. 2023ರ ಜೂನ್ 11ರಂದು ಆರಂಭವಾದ 'ಶಕ್ತಿ' ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸನ್ನೇ ನಂಬಿದ ಊರಿನವರು ಇಂದಿಗೂ ಹಣ ಕೊಟ್ಟೇ ಹೋಗಬೇಕು.

ಸಹೋದರಿ, ಇನ್ನೊಂದು ಮಾತು. ಅಲ್ಲಿ ನಾವು ಅಪರಿಚಿತರಾದಂತೆ ಇಲ್ಲಿಯೂ ಅಪರಿಚಿತರಿದ್ದಾರೆ. ಕಾಫಿ ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದ ತಾಯಿಯೊಬ್ಬಳು ಮಗುವನ್ನು ಎತ್ತಿಕೊಂಡು ನಿಲ್ದಾಣದಲ್ಲಿ ನಿಂತಿರುತ್ತಾಳೆ. ಅವಳಿಗೆ ಕನ್ನಡ ಬಾರದು, ಬೋರ್ಡ್ ಓದಲು ಬಾರದು. ಮುಂದಿನ ಸಲ ಅವಳು ನಿಮ್ಮ ಬಸ್ಸಿಗೆ ಹತ್ತಿದರೆ ಸ್ವಲ್ಪ ಸರಿದು ಕುಳಿತುಕೊಳ್ಳಿ. ಟಿಕೆಟ್ಟಿಗೆ ಎಷ್ಟೆಂದು ಬೆರಳಲ್ಲಿ ತೋರಿಸಿ. ಅವಳ ನಿಲ್ದಾಣ ಬಂದಾಗ ಎಬ್ಬಿಸಿ ಇಳಿಸಿ.