ಕರಿಬೇವಿನ ಹುಳುವಿನ ಗೂಡು: ಗುಡಿಸುವುದು ಹೇಗೆ, ತೊಳೆಯುವುದು ಯಾವಾಗ?

ಕುಂಡದ ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆಯಂಥದ್ದೇನೋ ಅಂಟಿದೆಯೇ? ಕೊಡವುವ ಮುನ್ನ ಬಗ್ಗಿ ನೋಡಿ. ನಿಂಬೆ ಚಿಟ್ಟೆಯ ಮರಿಹುಳು ಇರಬಹುದು. ಬೆಳೆದ ಮೇಲೆ ಅದು ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಎರಡು ಕೋಡು ಚಾಚಿ ಘಾಟು ಬಿಡುತ್ತದೆ. ಹೆದರಬೇಡಿ, ಕಚ್ಚುವುದಿಲ್ಲ.

ಸಾಕಲು ದೊಡ್ಡ ಏರ್ಪಾಡು ಬೇಡ. ಕರಿಬೇವಿನ ರೆಂಬೆಯನ್ನು ನೀರಿನ ಬಾಟಲಿಯಲ್ಲಿ ನಿಲ್ಲಿಸಿ. ಹುಳು ಜಾರಿ ಮುಳುಗದಂತೆ ಬಾಟಲಿಯ ಬಾಯಿಗೆ ಹತ್ತಿ ತುರುಕಿ. ಕೆಳಗೆ ಹಳೆ ಪೇಪರ್ ಹಾಸಿ, ಮೇಲೆ ಊಟ ಮುಚ್ಚುವ ಎತ್ತರದ ಜಾಲರಿ ಮುಚ್ಚಿ. ಗೂಡು ಸಿದ್ಧ.

ಇನ್ನು ಶುಚಿಯ ಮಾತು. ಹುಳು ಹಗಲೂ ರಾತ್ರಿ ಮೇಯುತ್ತದೆ, ಹಾಗೆಯೇ ಹಿಕ್ಕೆ ಹಾಕುತ್ತದೆ. ಹಿಕ್ಕೆ ಒದ್ದೆಯಾದರೆ ಬೂಷ್ಟು ಹಿಡಿಯುತ್ತದೆ, ರೋಗ ಹರಡುತ್ತದೆ. ಸಪ್ಪೆ ರೋಗ, ಸುಣ್ಣಕಟ್ಟು ರೋಗ ಕಂಡ ನಮ್ಮ ರೇಷ್ಮೆ ಬೆಳೆಗಾರರನ್ನು ಕೇಳಿ, ಹೇಳುತ್ತಾರೆ.

ದಿನಕ್ಕೊಮ್ಮೆ ಪೇಪರ್ ಬದಲಿಸಿ. ಬಾಡಿದ ರೆಂಬೆ ತೆಗೆದು ಹೊಸದಿಡಿ. ಹುಳುವನ್ನು ಕಿತ್ತು ತೆಗೆಯಬೇಡಿ. ಅದು ಕೂತ ಎಲೆಯನ್ನೇ ಕತ್ತರಿಸಿ ಹೊಸ ರೆಂಬೆಯ ಮೇಲಿಡಿ. ಎಸೆಯುವ ಮುನ್ನ ಪೇಪರ್ ಕಡೆ ಒಮ್ಮೆ ಕಣ್ಣು ಹಾಯಿಸಿ. ಹಿಕ್ಕೆ ಕಾಳುಕಾಳಾಗಿ ಬಿಡಿಬಿಡಿಯಾಗಿದ್ದರೆ ಹುಳು ಆರೋಗ್ಯವಾಗಿದೆ. ನೀರು ನೀರಾಗಿದ್ದು ಹುಳು ಜೋಲು ಬಿದ್ದಿದ್ದರೆ ಅದನ್ನು ಬೇರೆ ಡಬ್ಬಿಗೆ ಹಾಕಿ.

ಒಂದು ಸಂಶಯ ಬರಬಹುದು: ಚೆನ್ನಾಗಿದ್ದ ಹುಳುವೂ ಒಂದು ದಿನ ನೀರಾಗಿ ಹಿಕ್ಕೆ ಹಾಕಿ, ಮೇವು ಬಿಟ್ಟು ಸುತ್ತಾಡುತ್ತದಲ್ಲ? ಅದು ಪ್ಯೂಪಾ, ಅಂದರೆ ಕೋಶ ಆಗುವ ಸೂಚನೆ. ಆಗ ಗೂಡಿಗೆ ಕೈ ಹಾಕಬೇಡಿ. ಪೊರೆ ಬಿಡಲು ಅಲ್ಲಾಡದೆ ಕೂತ ಹುಳುವಿಗೂ ಇದೇ ನಿಯಮ. ಜಾಲರಿಗೆ ಕಟ್ಟಿಕೊಂಡ ಕೋಶವನ್ನು ಕೀಳಬೇಡಿ.

ಚಿಟ್ಟೆ ಹೊರಬಂದಾಗ ಕೆಳಗೆ ಬಣ್ಣದ ಹನಿ ಬಿದ್ದಿರುತ್ತದೆ. ರಕ್ತವಲ್ಲ, ಕೋಶದೊಳಗೆ ಉಳಿದ ಕಸ, ಮೆಕೋನಿಯಂ. ರೆಕ್ಕೆ ಒಣಗಿದ ಮೇಲೆ ಚಿಟ್ಟೆಯನ್ನು ಬಿಟ್ಟುಬಿಡಿ.

ಗೂಡು ಖಾಲಿಯಾದಾಗಲೇ ದೊಡ್ಡ ತೊಳೆತ. ಮೊದಲು ಸೋಪು ನೀರಲ್ಲಿ ಉಜ್ಜಿ. ಬಳಿಕ 1 ಲೀಟರ್ ನೀರಿಗೆ 20 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ಅರ್ಧ ಗಂಟೆ ನೆನೆಸಿ. ವಾಸನೆ ಹೋಗುವ ತನಕ ಜಾಲಿಸಿ, ಬಿಸಿಲಲ್ಲಿ ಒಣಗಿಸಿ. ಬಯಲಲ್ಲಿ, ಕೈಗವಸು ಹಾಕಿಕೊಂಡು ಮಾಡಿ. ಬ್ಲೀಚಿಂಗ್ ಪೌಡರಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಲೇಬೇಡಿ, ವಿಷಗಾಳಿ ಏಳುತ್ತದೆ.

ಇರುವೆ ಬಂದರೆ ಸೀಮೆಸುಣ್ಣದಂಥ ಇರುವೆ ಔಷಧಿ ಗೀಚಬೇಡಿ, ಹುಳುವೂ ಸಾಯುತ್ತದೆ. ಗೂಡನ್ನು ನೀರು ತುಂಬಿದ ತಟ್ಟೆಯ ನಡುವೆ ಎತ್ತರಿಸಿಡಿ. ಸೊಳ್ಳೆಬತ್ತಿಯೂ ಆ ಕೋಣೆಯಲ್ಲಿ ಬೇಡ. ಮಾರುಕಟ್ಟೆಯ ಕರಿಬೇವಿಗೆ ಔಷಧಿ ಹೊಡೆದಿರಬಹುದು. ಮನೆ ಗಿಡದ್ದೇ ವಾಸಿ.

ಖರ್ಚು? ಜಾಲರಿ ಪಾತ್ರೆ ಅಂಗಡಿಯಲ್ಲಿ, ಬ್ಲೀಚಿಂಗ್ ಪೌಡರ್ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಎರಡೂ ಸೇರಿ ಕೆಲವು ನೂರು ರೂಪಾಯಿ ಸಾಕು. ಹುಳುವನ್ನು ಮಾತ್ರ ಕಾಡಿನಿಂದ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹಲವು ಚಿಟ್ಟೆಗಳನ್ನೂ ಕಾಯುತ್ತದೆ. ಕರಿಬೇವಿನ ಗಿಡ ಇದ್ದರೆ ಚಿಟ್ಟೆಯೇ ಹುಡುಕಿಕೊಂಡು ಬಂದು ಮೊಟ್ಟೆ ಇಡುತ್ತದೆ.