ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ನಂಜನಗೂಡು, ಟಿ. ನರಸೀಪುರ ಕಡೆ ಕೊಯ್ಲು ಮುಗಿದ ಗದ್ದೆಯೋ ಖಾಲಿ ಸೈಟೋ ಸಿಕ್ಕಿದರೆ ಸಾಕು, ಹುಡುಗರ ಟೆನಿಸ್ ಬಾಲ್ ಕ್ರಿಕೆಟ್ ಶುರು. ಹನ್ನೊಂದು ಮಂದಿಯಲ್ಲಿ ಬ್ಯಾಟು, ಬಾಲು ಸರಿಯಾಗಿ ಸಿಗೋದು ಐದಾರು ಮಂದಿಗೆ. ಉಳಿದವರು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಬಿಸಿಲಲ್ಲಿ ನಿಂತು, ಒಂದು ಚೆಂಡು ಕಾಲಡಿ ನುಸುಳಿದರೆ ಎಲ್ಲರ ಬೈಗುಳ ತಿಂದು ಮನೆಗೆ ಬರುತ್ತಾರೆ. ನಾಲ್ಕು ವಾರ ಹೀಗಾದರೆ ಹುಡುಗ ಮೈದಾನದ ಕಡೆ ತಲೆ ಹಾಕೋದೇ ಇಲ್ಲ. ಅಂಥವನನ್ನು ತಂಡಕ್ಕೆ ಬೇಕಾದವನಾಗಿ ಮಾಡುವ ದಾರಿ ಫೀಲ್ಡಿಂಗ್. ಅದಕ್ಕೆ ದುಬಾರಿ ಬ್ಯಾಟು ಬೇಡ, ಕೋಚಿಂಗ್ ಫೀಸೂ ಬೇಡ.

ಫೀಲ್ಡಿಂಗ್‌ನ ಬೆಲೆ ನಮ್ಮ ರಾಜ್ಯದ ಕ್ರಿಕೆಟಿಗೆ ಚೆನ್ನಾಗಿ ಗೊತ್ತು. 1974ರಲ್ಲಿ ಬೆಂಗಳೂರಿನಲ್ಲಿ ನಡೆದ ರಣಜಿ ಸೆಮಿಫೈನಲ್‌ನಲ್ಲಿ ಕರ್ನಾಟಕದ ಎದುರು ಇದ್ದದ್ದು ಸತತ 15 ವರ್ಷ ಟ್ರೋಫಿ ಗೆದ್ದ ಬಾಂಬೆ. ಆಗಿನ ಭಾರತ ತಂಡದ ನಾಯಕ ಅಜಿತ್ ವಾಡೇಕರ್ ಚೆನ್ನಾಗಿ ಆಡುತ್ತಿದ್ದಾಗ ರನೌಟ್ ಆದರು. ಪಂದ್ಯ ತಿರುಗಿತು. ಆ ವರ್ಷ ಕರ್ನಾಟಕ ಮೊದಲ ಸಲ ರಣಜಿ ಗೆದ್ದಿತು.

ಬೇಸ್‌ಬಾಲ್ ಕಲಿಸುವ ಪಾಠ

ಹತ್ತಿರದ ಫೀಲ್ಡಿಂಗನ್ನು ಶಾಸ್ತ್ರದಂತೆ ಕಲಿಸುವ ಆಟ ಬೇಸ್‌ಬಾಲ್. ಅಲ್ಲಿ ಒಂದು ಬೇಸಿನಿಂದ ಇನ್ನೊಂದಕ್ಕೆ 90 ಅಡಿ, ಅಂದರೆ 30 ಗಜ. ಕ್ರಿಕೆಟ್‌ನ ಒಳವೃತ್ತವೂ ವಿಕೆಟ್‌ನಿಂದ 30 ಗಜವೇ. ಎರಡರಲ್ಲೂ ಕೆಲಸ ಒಂದೇ: ನೆಲದ ಚೆಂಡು ಹಿಡಿ, ಓಡುವವನಿಗಿಂತ ಮೊದಲು ಎಸೆ. ಅದಕ್ಕೇ ಆಸ್ಟ್ರೇಲಿಯಾ ತಂಡವು ಅಮೆರಿಕದ ಬೇಸ್‌ಬಾಲ್ ಕೋಚ್ ಮೈಕ್ ಯಂಗ್ ಅವರನ್ನು ಫೀಲ್ಡಿಂಗ್ ಕಲಿಸಲು ಕರೆಸಿಕೊಂಡಿತ್ತು.

ಅಸರ್ ಕಳೆದು ಮಗ್ರಿಬ್ ಒಳಗೆ ಅರ್ಧ ಗಂಟೆ ಸಿಕ್ಕಿದರೆ ಈ ಅಭ್ಯಾಸಗಳು ಮುಗಿಯುತ್ತವೆ.

ಮಂಡಿಯೂರಿ ಹಿಡಿಯುವುದು: ಇಬ್ಬರು ಹತ್ತು ಹೆಜ್ಜೆ ದೂರದಲ್ಲಿ ಮಂಡಿಯೂರಿ ಕೂತು ಚೆಂಡು ಉರುಳಿಸಿ. ಕಾಲಿನ ಸಹಾಯ ಇಲ್ಲದ್ದರಿಂದ ಕೈ ತಾನಾಗಿ ಮುಂದೆ ಬರುತ್ತದೆ. 25 ಚೆಂಡು ಸಾಕು.

ತ್ರಿಕೋನ: ಈಗ ಎದ್ದು ನಿಂತು, ಕಾಲು ಅಗಲಿಸಿ, ಸೊಂಟ ಇಳಿಸಿ. ಎರಡು ಪಾದ, ಮುಂದೆ ಚಾಚಿದ ಕೈ ಸೇರಿ ತ್ರಿಕೋನ ಆಗಬೇಕು. ಕೈ ನೆಲದಿಂದ ಮೇಲಕ್ಕೆ ಬರಲಿ. ಮೇಲಿಂದ ಕೆಳಗೆ ಬಂದರೆ ಚೆಂಡು ನುಸುಳಿ ಹೋದ ಮೇಲೆ ಕೈ ನೆಲ ಮುಟ್ಟುತ್ತದೆ.

ಗೋಡೆ: ಗೋಡೆಗೆ ಮುಖ ಮಾಡಿ ಐದಾರು ಹೆಜ್ಜೆ ದೂರ ನಿಲ್ಲಿ. ಹಿಂದಿನಿಂದ ಗೆಳೆಯ ಟೆನಿಸ್ ಬಾಲ್ ಗೋಡೆಗೆ ಎಸೆಯಲಿ. ಚೆಂಡು ಯಾವ ಕಡೆ ಬರುತ್ತದೆ ಅಂತ ಮೊದಲೇ ಗೊತ್ತಾಗದ ಕಾರಣ ಕಣ್ಣು ಚುರುಕಾಗುತ್ತದೆ.

ಒಂದೇ ಕೋಲು: ಹದಿನೈದು ಹೆಜ್ಜೆ ದೂರದ ಒಂದು ಸ್ಟಂಪಿಗೆ, ಓಡಿ ಬಂದು ಎತ್ತಿ ಎಸೆಯಬೇಕು. ತಲಾ ಹತ್ತು ಎಸೆತ, ತಾಗಿದ್ದನ್ನು ಬರೆದಿಡಿ. ಕೋಲಿನ ಹಿಂದೆ ಒಬ್ಬ ನಿಂತಿರಲೇಬೇಕು. ಓವರ್‌ಥ್ರೋ ರನ್ ಉಳಿಸೋದು ಅವನೇ.

ಮ್ಯಾಚಿನಲ್ಲಿ ಬೌಲರ್ ಚೆಂಡು ಬಿಡುವ ಹೊತ್ತಿಗೆ ಒಂದು ಪುಟ್ಟ ಹೆಜ್ಜೆ ಮುಂದಿಡಿ. ನಿಂತಲ್ಲೇ ನಿಂತವನ ಕಾಲು ಏಳೋದು ತಡ. ಮೇಲೆ ಹೋದ ಕ್ಯಾಚಿಗೆ ‘ನಂದು’ ಅಂತ ಒಬ್ಬನೇ ಗಟ್ಟಿಯಾಗಿ ಕೂಗಬೇಕು. ಇಬ್ಬರು ಡಿಕ್ಕಿ ಹೊಡೆದು ಹಲ್ಲು ಮುರಿದುಕೊಳ್ಳೋದು ಬೇಡ.

ಗದ್ದೆಯ ನೆಲ ಸಮ ಇರೋದಿಲ್ಲ, ಕೂಳೆಗೆ ತಾಗಿದ ಚೆಂಡು ಮುಖಕ್ಕೇ ಬರುತ್ತದೆ. ಮೊದಲು ಕಲ್ಲು, ಕೂಳೆ ತೆಗೆಯಿರಿ. ಲೆದರ್ ಬಾಲ್‌ಗೆ ಅವಸರ ಬೇಡ. ಸೊಂಟದ ಕೆಳಗಿನ ಚೆಂಡಿಗೆ ಬೆರಳು ಕೆಳಮುಖ, ಎದೆಯ ಮೇಲಿನದಕ್ಕೆ ಮೇಲ್ಮುಖ. ಚೆಂಡಿನ ಕಡೆಗೇ ಬೆರಳು ಚಾಚಿದರೆ ಬೆರಳು ಹೋಗುತ್ತದೆ.

ತಂಡ ನಡೆಸುವ ಅಣ್ಣಂದಿರಿಗೆ ಒಂದು ಮಾತು. ಸ್ಕೋರ್ ಪುಸ್ತಕದಲ್ಲಿ ರನ್, ವಿಕೆಟ್ ಬರೆಯುತ್ತೀರಿ. ಪಕ್ಕದಲ್ಲಿ ಇನ್ನೊಂದು ಸಾಲು ಎಳೆದು ಯಾರು ಎಷ್ಟು ರನ್ ತಡೆದರು ಅಂತಲೂ ಬರೆಯಿರಿ. ಬ್ಯಾಟಿಂಗ್ ಸಿಗದ ಹುಡುಗ ಆ ಸಾಲಿನಲ್ಲಿ ತನ್ನ ಹೆಸರು ನೋಡಿದರೆ ಮುಂದಿನ ವಾರ ಎಲ್ಲರಿಗಿಂತ ಮೊದಲು ಬಂದು ಕೋಲು ನೆಡುತ್ತಾನೆ.