ಮನೆಯ ಅಲಂಕಾರ ಮತ್ತು ಕೈಯ ದುಡಿಮೆ: ಬಿದರಿ ಕಲೆ ಹೇಳುವ ಪಾಠ

ಹೊಸ ಮನೆ ಕಟ್ಟಿಸಿದವರು, ಮದುವೆಯ ಉಡುಗೊರೆ ಕೊಳ್ಳುವವರು ಆಗಾಗ ಕೇಳುವ ಪ್ರಶ್ನೆಯೊಂದಿದೆ. ಮನೆಯನ್ನು ಚೆಂದಗೊಳಿಸುವುದು ದೀನಿನ ದೃಷ್ಟಿಯಲ್ಲಿ ಸರಿಯೇ, ಅಥವಾ ಅದು ದುಂದುವೆಚ್ಚವೇ? ಪವಿತ್ರ ಕುರ್‌ಆನ್‌ನ ಅಲ್ ಅಅ್‌ರಾಫ್ ಅಧ್ಯಾಯವು ಈ ಎರಡೂ ತುದಿಗಳನ್ನು ಅಕ್ಕಪಕ್ಕದ ಸೂಕ್ತಗಳಲ್ಲೇ ಸ್ಪರ್ಶಿಸುತ್ತದೆ. ಒಂದು ಕಡೆ ದುಂದುಗಾರರನ್ನು ಅಲ್ಲಾಹನು ಮೆಚ್ಚುವುದಿಲ್ಲವೆಂಬ ಎಚ್ಚರಿಕೆಯಿದೆ. ಮರುಕ್ಷಣವೇ, ಅಲ್ಲಾಹನು ತನ್ನ ದಾಸರಿಗಾಗಿ ಉಂಟುಮಾಡಿದ ಅಲಂಕಾರವನ್ನು ನಿಷಿದ್ಧಗೊಳಿಸುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆಯಿದೆ. ಅಂದರೆ ಸೌಂದರ್ಯಕ್ಕೆ ತಡೆಯಿಲ್ಲ, ಮಿತಿಯಿದೆ.

ಆ ಮಿತಿ ಎಲ್ಲಿದೆ ಎಂಬುದನ್ನು ಪ್ರವಾದಿವರ್ಯರ(ಸ) ಒಂದು ಮಾತು ಸ್ಪಷ್ಟಪಡಿಸುತ್ತದೆ. ಹೃದಯದಲ್ಲಿ ಅಣುವಿನಷ್ಟು ಅಹಂಕಾರವಿದ್ದವನು ಸ್ವರ್ಗ ಪ್ರವೇಶಿಸಲಾರನೆಂದು ಅವರು ಹೇಳಿದಾಗ ಒಬ್ಬರು, ತನ್ನ ಬಟ್ಟೆ, ಪಾದರಕ್ಷೆ ಚೆನ್ನಾಗಿರಬೇಕೆಂದು ಬಯಸುವವನ ಗತಿಯೇನೆಂದು ಕೇಳಿದರು. ಅಲ್ಲಾಹನು ಸುಂದರನು, ಸೌಂದರ್ಯವನ್ನು ಮೆಚ್ಚುವವನು ಎಂದು ತಿಳಿಸಿದ ಪ್ರವಾದಿ(ಸ), ಅಹಂಕಾರವೆಂದರೆ ಸತ್ಯವನ್ನು ತಿರಸ್ಕರಿಸುವುದು ಮತ್ತು ಜನರನ್ನು ಕೀಳಾಗಿ ಕಾಣುವುದು ಎಂದು ವಿವರಿಸಿದರು. ಈ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಮನೆಯ ಗೋಡೆಗೂ ಇದೇ ಅಳತೆ. ಬಂದ ನೆಂಟರು ತಮ್ಮ ಮನೆಯನ್ನು ನೆನೆದು ಕುಗ್ಗಬೇಕೆಂಬ ಉದ್ದೇಶದಿಂದ ಇಟ್ಟ ವಸ್ತು ಎಷ್ಟೇ ಸುಂದರವಾಗಿದ್ದರೂ ಅದು ಮಿತಿ ದಾಟಿದೆ.

ಹಝ್ರತ್ ಆಯಿಶಾ(ರ) ಅವರ ಮನೆಯ ಒಂದು ಘಟನೆಯೂ ನಮಗೆ ದಾರಿ ತೋರಿಸುತ್ತದೆ. ಪ್ರವಾದಿ(ಸ) ಹೊರಗೆ ಹೋಗಿದ್ದಾಗ ಅವರು ಜೀವಿಗಳ ಚಿತ್ರವಿದ್ದ ಪರದೆಯೊಂದನ್ನು ತೂಗುಹಾಕಿದ್ದರು. ಮರಳಿ ಬಂದ ಪ್ರವಾದಿಯವರು(ಸ) ಅದನ್ನು ಇಷ್ಟಪಡಲಿಲ್ಲ. ಕಲ್ಲಿಗೂ ಮಣ್ಣಿಗೂ ಬಟ್ಟೆ ತೊಡಿಸಬೇಕೆಂದು ಅಲ್ಲಾಹನು ನಮಗೆ ಆದೇಶಿಸಿಲ್ಲ ಎಂದರು. ಆಯಿಶಾ(ರ) ಆ ಬಟ್ಟೆಯನ್ನು ಎಸೆಯಲಿಲ್ಲ, ಕತ್ತರಿಸಿ ದಿಂಬುಗಳನ್ನು ಮಾಡಿದರು. ಅಲಂಕಾರವು ಉಪಯೋಗಕ್ಕೆ ತಿರುಗಿತು, ಬಟ್ಟೆಯೂ ವ್ಯರ್ಥವಾಗಲಿಲ್ಲ.

ಹಾಗಾದರೆ ಮನೆಗೆ ಎಂಥ ವಸ್ತು ತರಬೇಕು? ನಮ್ಮದೇ ನಾಡಿನ ಒಂದು ಕಲೆಯನ್ನು ಉದಾಹರಣೆಯಾಗಿ ನೋಡೋಣ.

ಕಪ್ಪಿನ ಮೇಲೆ ಬಿಳಿ

ಬೀದರ್ 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾಯಿತು. ಇರಾನ್ ಮತ್ತು ಮಧ್ಯ ಏಷ್ಯಾದ ಕಡೆಯಿಂದ ವಿದ್ವಾಂಸರು, ಕುಶಲಕರ್ಮಿಗಳು ಅಲ್ಲಿಗೆ ಬಂದು ನೆಲೆಸಿದರು. ಗೀಲಾನ್‌ನಿಂದ ಬಂದು ವಜೀರರಾದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸಾ ಇಂದಿಗೂ ಅಲ್ಲಿದೆ. ಅದರ ಮುಂಭಾಗದಲ್ಲಿ ಬಣ್ಣದ ಹೆಂಚಿನ ಕೆಲಸ, ಕುರ್‌ಆನ್ ಸೂಕ್ತಗಳ ಸುಂದರ ಬರಹ ಇನ್ನೂ ಅಲ್ಲಲ್ಲಿ ಉಳಿದಿದೆ. ಕೋಟೆಯೊಳಗಿನ ರಂಗೀನ್ ಮಹಲ್‌ನಲ್ಲಿ ಕಪ್ಪು ಕಲ್ಲನ್ನು ಕೊರೆದು ಮುತ್ತಿನ ಚಿಪ್ಪಿನ ತುಣುಕುಗಳನ್ನು ಕೂರಿಸಿದ್ದಾರೆ. ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ ಹೊಳೆಯುವ ಬಳ್ಳಿಗಳು, ಅಕ್ಷರಗಳು.

ಇದೇ ಅಭಿರುಚಿಯನ್ನು ಲೋಹದಲ್ಲಿ ಕಾಣುವುದು ಬಿದರಿಯಲ್ಲಿ. ಬಹಮನಿಗಳ ಕಾಲದಲ್ಲಿ ಇರಾನಿನ ಕುಶಲಕರ್ಮಿಗಳ ಮೂಲಕ ಈ ಕಲೆ ಬೀದರ್‌ಗೆ ಬಂತೆಂದು ಅಲ್ಲಿನ ಪರಂಪರೆ ಹೇಳುತ್ತದೆ. ಹುಕ್ಕಾದ ಬುಡ, ಹೂಜಿ, ಪಾನ್‌ದಾನ್, ಅತ್ತರ್‌ದಾನ್, ತಟ್ಟೆಗಳು ಹಿಂದೆ ಅದರ ಮುಖ್ಯ ವಸ್ತುಗಳಾಗಿದ್ದವು. ಈಗ ಹೂದಾನಿ, ಪೆಟ್ಟಿಗೆ, ಗೋಡೆಯ ಫಲಕ, ಪೆನ್ ಸ್ಟ್ಯಾಂಡ್, ಕಿವಿಯೋಲೆಗಳೂ ಬರುತ್ತವೆ. 2006ರಲ್ಲಿ ಬಿದರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಬೀದರ್‌ನ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು.

ಒಂದು ಹೂಜಿಯ ಹಿಂದಿನ ಕೆಲಸ

ಬಿದರಿ ವಸ್ತು ಬೆಳ್ಳಿಯದ್ದಲ್ಲ, ಕಬ್ಬಿಣದ್ದೂ ಅಲ್ಲ. ಅದರ ಒಡಲು ಸತುವಿನದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಕರಗಿಸುತ್ತಾರೆ. ಹರಳೆಣ್ಣೆ, ರಾಳ ಸೇರಿಸಿದ ಮಣ್ಣಿನ ಅಚ್ಚಿಗೆ ಆ ದ್ರವವನ್ನು ಸುರಿಯುತ್ತಾರೆ. ಅಚ್ಚಿನಿಂದ ಹೊರಬಂದ ಒರಟು ಮೈಯನ್ನು ಅರದಿಂದ ಉಜ್ಜಿ ನಯಗೊಳಿಸುತ್ತಾರೆ. ಆಮೇಲೆ ಮೈಲುತುತ್ತದ ನೀರನ್ನು ಸವರಿದಾಗ ಲೋಹ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಚೂಪಾದ ಮೊಳೆಯಿಂದ ಹೂ, ಬಳ್ಳಿ, ಜಾಲಿಯ ಚಿತ್ತಾರವನ್ನು ಕೈಯಿಂದಲೇ ಬರೆಯುತ್ತಾರೆ.

ಬರೆದ ಗೆರೆಯನ್ನು ಸಣ್ಣ ಉಳಿಗಳಿಂದ ಕೊರೆಯುವುದು ಮುಂದಿನ ಹಂತ. ಆ ಕಾಲುವೆಯೊಳಗೆ ಬೆಳ್ಳಿಯ ತಂತಿಯನ್ನೋ ತೆಳು ತಗಡನ್ನೋ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ತಂತಿಯ ಕೆಲಸಕ್ಕೆ ತಾರ್‌ಕಶಿ ಎಂಬ ಹೆಸರು. ಅಂಟು ಇಲ್ಲ, ಬೆಸುಗೆ ಇಲ್ಲ. ಕೊರೆದ ಗೆರೆ ಸರಿಯಾಗಿದ್ದರೆ ಮಾತ್ರ ಬೆಳ್ಳಿ ಅಲ್ಲಿ ನಿಲ್ಲುತ್ತದೆ. ಬಳಿಕ ಇಡೀ ವಸ್ತುವನ್ನು ಉಜ್ಜಿದಾಗ ತಾತ್ಕಾಲಿಕ ಕಪ್ಪು ಹೋಗಿ, ಬೂದು ಸತು ಮತ್ತು ಬೆಳ್ಳಿ ಹೆಚ್ಚು ಕಡಿಮೆ ಒಂದೇ ಬಣ್ಣದಲ್ಲಿ ಕಾಣುತ್ತವೆ. ಇಷ್ಟು ದಿನ ಮಾಡಿದ ಚಿತ್ತಾರ ಕಣ್ಣಿಗೇ ಬೀಳದಂತಾಗುತ್ತದೆ.

ಅದನ್ನು ಮತ್ತೆ ತೋರಿಸುವುದು ಬೀದರ್ ಕೋಟೆಯ ಮಣ್ಣು. ಹಳೆಯ ಕಟ್ಟಡಗಳ ಒಳಗೆ, ಬಹುಕಾಲ ಬಿಸಿಲು ಮಳೆ ತಾಗದ ಜಾಗದ ಮಣ್ಣನ್ನು ಇದಕ್ಕಾಗಿ ಆರಿಸುತ್ತಾರೆ. ಅನುಭವಿಗಳು ಅದನ್ನು ನಾಲಗೆಯ ಮೇಲಿಟ್ಟು ರುಚಿಯಿಂದಲೇ ಗುರುತಿಸುತ್ತಾರೆ. ಆ ಮಣ್ಣಿಗೆ ನವಸಾಗರ ಮತ್ತು ನೀರು ಬೆರೆಸಿ, ಬಿಸಿ ಮಾಡಿದ ವಸ್ತುವಿಗೆ ಹಚ್ಚಿದಾಗ ಸತುವಿನ ಭಾಗ ಶಾಶ್ವತವಾಗಿ ಕಡುಗಪ್ಪಾಗುತ್ತದೆ. ಬೆಳ್ಳಿಗೆ ಮಾತ್ರ ಏನೂ ಆಗುವುದಿಲ್ಲ, ಅದು ಬೆಳ್ಳಗೆ ಎದ್ದು ಕಾಣುತ್ತದೆ. ಕೊನೆಗೆ ಎಣ್ಣೆ ಸವರಿ ಒರೆಸಿದರೆ ಕಪ್ಪು ಇನ್ನಷ್ಟು ಗಾಢವಾಗುತ್ತದೆ.

ಪ್ರವಾದಿ ದಾವೂದ್(ಅ) ಅವರಿಗೆ ಅಲ್ಲಾಹನು ಕಬ್ಬಿಣವನ್ನು ಮೃದುಗೊಳಿಸಿಕೊಟ್ಟನೆಂದೂ, ಕವಚದ ಕೊಂಡಿಗಳನ್ನು ಅಳತೆ ತಪ್ಪದಂತೆ ಜೋಡಿಸಲು ಆದೇಶಿಸಿದನೆಂದೂ ಸಬಅ್ ಅಧ್ಯಾಯದಲ್ಲಿ ಓದುತ್ತೇವೆ. ದಾವೂದ್(ಅ) ತಮ್ಮ ಕೈದುಡಿಮೆಯ ಅನ್ನವನ್ನೇ ಉಣ್ಣುತ್ತಿದ್ದರೆಂದು ಸಹೀಹ್ ಬುಖಾರಿಯ ಹದೀಸ್ ತಿಳಿಸುತ್ತದೆ. ಲೋಹದ ಕೆಲಸ, ಅದರ ಅಳತೆ, ಅದರ ಪ್ರಾಮಾಣಿಕತೆ ಒಬ್ಬ ಪ್ರವಾದಿಯ ಕೈಯಿಂದ ಗೌರವ ಪಡೆದ ಕಸುಬು. ಬಿದರಿ ಕುಶಲಕರ್ಮಿಯನ್ನು ನಾವು ಈ ದೃಷ್ಟಿಯಿಂದ ನೋಡಬೇಕು.

ಪಾತ್ರೆಯಾಗಿ ಬಳಸಬಹುದೇ?

ಬೆಳ್ಳಿ ಬಂಗಾರದ ಪಾತ್ರೆಗಳಲ್ಲಿ ಉಣ್ಣುವುದನ್ನೂ ಕುಡಿಯುವುದನ್ನೂ ಪ್ರವಾದಿ(ಸ) ಬಲವಾಗಿ ನಿಷೇಧಿಸಿದ್ದಾರೆ. ಆದರೆ ಅವರ ಬಟ್ಟಲೊಂದು ಬಿರುಕು ಬಿಟ್ಟಾಗ ಅದನ್ನು ಬೆಳ್ಳಿಯಿಂದ ಬೆಸೆದಿದ್ದ ಸಂಗತಿ ಹಝ್ರತ್ ಅನಸ್(ರ) ಅವರ ವರದಿಯಲ್ಲಿದೆ. ಹೀಗೆ ಬೆಳ್ಳಿ ಸೇರಿಸಿದ ಪಾತ್ರೆಯ ಬಗ್ಗೆ ಫಿಕ್ಹ್ ವಿದ್ವಾಂಸರು ವಿವರವಾಗಿ ಚರ್ಚಿಸಿದ್ದಾರೆ. ಬೆಳ್ಳಿಯಿರುವ ಜಾಗಕ್ಕೆ ಬಾಯಿ ತಾಗದಿದ್ದರೆ ಹನಫೀ ಮದ್‌ಹಬ್‌ನಲ್ಲಿ ಅವಕಾಶವಿದೆ. ಶಾಫಿಈ ಮದ್‌ಹಬ್‌ನಲ್ಲಿ ನಿಯಮ ಹೆಚ್ಚು ಬಿಗಿ. ಕೇವಲ ಶೃಂಗಾರಕ್ಕಾಗಿ ಹೆಚ್ಚು ಬೆಳ್ಳಿ ಸೇರಿಸಿದ ಪಾತ್ರೆಯನ್ನು ಅಲ್ಲಿ ಒಪ್ಪುವುದಿಲ್ಲ, ಬಳಸದೆ ಇಟ್ಟುಕೊಳ್ಳುವುದರ ಬಗ್ಗೆಯೂ ಎಚ್ಚರಿಕೆಯಿದೆ. ನಮ್ಮ ರಾಜ್ಯದ ಉತ್ತರ ಭಾಗದಲ್ಲಿ ಹನಫಿಗಳು, ಕರಾವಳಿಯಲ್ಲಿ ಶಾಫಿಈಗಳು ಹೆಚ್ಚಾಗಿರುವುದರಿಂದ, ಬೆಳ್ಳಿ ಹೆಚ್ಚಿರುವ ಪಾತ್ರೆ ಕೊಳ್ಳುವ ಮೊದಲು ನಿಮ್ಮ ಜಮಾಅತ್‌ನ ಖತೀಬರಲ್ಲಿ ವಿಚಾರಿಸುವುದು ಒಳ್ಳೆಯದು.

ಆರೋಗ್ಯದ ದೃಷ್ಟಿಯಿಂದಲೂ ಬಿದರಿಯಲ್ಲಿ ಅಡುಗೆ, ಪಾನೀಯ ಬೇಡ. ಹುಳಿ ಪದಾರ್ಥ ತಾಗಿದರೆ ಸತು ಕರಗುತ್ತದೆ. ಮಾದರಿ ಆರಿಸುವಾಗಲೂ ಗಮನವಿರಲಿ. ಹೂ, ಬಳ್ಳಿ, ಜಾಲಿಯ ಹಳೆಯ ಚಿತ್ತಾರಗಳೇ ಬಿದರಿಯ ಸೊಗಸು. ಇಂದು ಅಂಗಡಿಗಳಲ್ಲಿ ಸಿಗುವ ಪ್ರಾಣಿ ಪಕ್ಷಿಗಳ ಪ್ರತಿಮೆಗಳು ನಮ್ಮ ಮನೆಗೆ ಬೇಕಿಲ್ಲ. ಕುರ್‌ಆನ್ ಸೂಕ್ತವಿರುವ ಫಲಕ ತಂದರೆ ಅದನ್ನು ಎತ್ತರದಲ್ಲಿ, ಶುಚಿಯಾದ ಜಾಗದಲ್ಲಿಡಿ. ಅದರಲ್ಲಿ ಏನು ಬರೆದಿದೆ, ಅರ್ಥವೇನು ಎಂದು ಮಕ್ಕಳಿಗೆ ಹೇಳಿಕೊಡಿ. ಓದಲು ಬಾರದ, ಅರ್ಥ ತಿಳಿಯದ ಸೂಕ್ತ ಗೋಡೆಯ ಮೇಲೆ ಧೂಳು ಹಿಡಿಯುವುದು ಅದಕ್ಕೆ ತೋರುವ ಗೌರವವಲ್ಲ. ನಮಾಝ್ ಮಾಡುವ ದಿಕ್ಕಿನ ಗೋಡೆಯನ್ನು ಆದಷ್ಟು ಸರಳವಾಗಿಡಿ.

ಕೊಳ್ಳುವಾಗ, ಕಾಪಾಡುವಾಗ

ಅಸಲಿ ಬಿದರಿ ಕೈಯಲ್ಲಿ ಹಿಡಿದರೆ ಭಾರವಾಗಿರುತ್ತದೆ. ಬೆಳ್ಳಿ ಗೆರೆಯ ಮೇಲೆ ಬೆರಳಾಡಿಸಿದರೆ ಅದು ಲೋಹದ ಮೈಗೆ ಸಮವಾಗಿ ಕೂತಿರುತ್ತದೆ. ಬಣ್ಣ ಬಳಿದದ್ದಾದರೆ ಉಗುರಿಗೆ ಕಿತ್ತುಬರುತ್ತದೆ. ಕೈಯಿಂದ ಬರೆದ ಚಿತ್ತಾರವಾದ್ದರಿಂದ ಎರಡು ಹೂಗಳು ತದ್ರೂಪವಾಗಿರುವುದಿಲ್ಲ, ಅದನ್ನು ದೋಷವೆಂದು ತಿಳಿಯಬೇಡಿ. ಸಾಧ್ಯವಾದರೆ ಬೀದರ್‌ನ ಕುಶಲಕರ್ಮಿಗಳಿಂದಲೇ, ಇಲ್ಲವೇ ಸರಕಾರದ ಕಾವೇರಿ ಮಳಿಗೆಯಿಂದ ಕೊಳ್ಳಿ.

ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಸಾಕು. ಕಪ್ಪು ಮಂಕಾದರೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಒರೆಸಿ. ಹುಣಸೆಹುಳಿ, ನಿಂಬೆ, ಹಿತ್ತಾಳೆ ತಿಕ್ಕುವ ಪುಡಿ ಹಾಕಬೇಡಿ, ಕಪ್ಪು ಹೋಗಿಬಿಡುತ್ತದೆ. ಹೂದಾನಿಗೆ ನೇರವಾಗಿ ನೀರು ತುಂಬಬೇಡಿ, ಒಳಗೊಂದು ಗಾಜಿನ ಲೋಟ ಇಟ್ಟು ಅದರಲ್ಲಿ ನೀರು ಹಾಕಿ.

ಇನ್ನು ಬೆಲೆಯ ಮಾತು. ಬೆಳ್ಳಿಯ ದರ ಏರುತ್ತಿದೆ, ಒಂದು ವಸ್ತುವಿಗೆ ಹಲವು ಕೈಗಳು ಹಲವು ದಿನ ದುಡಿಯುತ್ತವೆ. ಮಾಲ್‌ನಲ್ಲಿ ಬರೆದಿಟ್ಟ ಬೆಲೆಗೆ ತುಟಿ ಬಿಚ್ಚದ ನಾವು ಕುಶಲಕರ್ಮಿಯ ಮುಂದೆ ನಿಂತಾಗ ಅರ್ಧ ಬೆಲೆಗೆ ಕೇಳುತ್ತೇವೆ. ಹೀಗಾದರೆ ಅವನ ಮಗ ಉಳಿ ಹಿಡಿಯುವ ಬದಲು ಬೇರೆ ಕೆಲಸ ಹುಡುಕಿಕೊಂಡು ಪಟ್ಟಣಕ್ಕೆ ಹೋಗದೆ ಇನ್ನೇನು ಮಾಡಿಯಾನು? ದುಡಿಮೆಗಾರನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದು ಕಲಿಸಿದ ಪ್ರವಾದಿ(ಸ), ಮಾರುವಾಗಲೂ ಕೊಳ್ಳುವಾಗಲೂ ಉದಾರವಾಗಿ ವರ್ತಿಸುವವನಿಗಾಗಿ ಅಲ್ಲಾಹನ ಕರುಣೆಯನ್ನು ಬೇಡಿದ್ದಾರೆ. ಚೌಕಾಸಿ ತಪ್ಪಲ್ಲ. ದುಡಿದವನ ಹಕ್ಕನ್ನು ಕಸಿಯುವ ಚೌಕಾಸಿ ತಪ್ಪು.

ಸಾಲ ಮಾಡಿ, ಬಡ್ಡಿ ಕಟ್ಟಿ, ಇಡೀ ಗೋಡೆಗೆ ಹೊಳೆಯುವ ಫಲಕ ಹೊದಿಸುವುದಕ್ಕಿಂತ, ಹಲಾಲ್ ಸಂಪಾದನೆಯಿಂದ, ದುಡಿದವನಿಗೆ ನ್ಯಾಯವಾದ ಬೆಲೆ ಕೊಟ್ಟು ತಂದ ಒಂದು ಸಣ್ಣ ಪೆಟ್ಟಿಗೆ ಮನೆಗೆ ಹೆಚ್ಚು ಶೋಭೆ. ಅದೂ ಕೈಗೆಟುಕದಿದ್ದರೆ ಚಿಂತೆಯಿಲ್ಲ. ಗುಡಿಸಿದ ಅಂಗಳ, ಮಡಚಿಟ್ಟ ಮುಸಲ್ಲಾ, ಅತಿಥಿಗೆ ನಗುಮುಖದಿಂದ ಹೇಳುವ ಸಲಾಮ್ ಇವುಗಳಿಗೆ ಖರ್ಚಿಲ್ಲ, ಇವು ಮಂಕಾಗುವುದೂ ಇಲ್ಲ.

ನಮ್ಮ ಮನೆಗಳನ್ನು ಅಲ್ಲಾಹನು ನೆಮ್ಮದಿಯ ತಾಣಗಳನ್ನಾಗಿ ಮಾಡಲಿ, ಅಹಂಕಾರದಿಂದಲೂ ದುಂದಿನಿಂದಲೂ ಕಾಪಾಡಲಿ, ಕೈಯಿಂದ ದುಡಿದು ಉಣ್ಣುವವರ ಜೀವನೋಪಾಯದಲ್ಲಿ ಬರ್ಕತ್ ನೀಡಲಿ. ಆಮೀನ್.